ಜವರ ಲಾನಿಗೆ ಗೊಬ್ಬರ ಹಾಕಿದ್ದು

ಒಂದೂರು. ಊರಿಗೊಂದು ಕೆರೆ. ಕೆರೆ ದಡದಲ್ಲಿ ಸಣ್ಣತಾಯಿ ಅಂತ ಒಬ್ಬಳು ಬೆಸ್ತರ ಹೆಂಗಸು, ಗಂಡ ಸತ್ತೋಳು. ಅವಳಿಗೆ ಒಬ್ಬನೇ ಮಗ, ಜವರ. ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಗ್ತದೆ, ಬುದ್ಧಿ ನೋಡಿದ್ರೆ ಹೊಸಿಲೂ ದಾಟಿಲ್ಲ. ಕೆಟ್ಟೋನಲ್ಲ ಕಣ್ರಪ್ಪ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಬಂದಿದ್ದು ಕಷ್ಟ. ನಗೋದಿದ್ರೆ ಈಗ್ಲೇ ನಕ್ಕು ಮುಗಿಸ್ಬುಡಿ, ಆಮೇಲೆ ನಗು ಬರಲ್ಲ.

ಸಣ್ಣತಾಯಿ ಮಳೆಗಾಲ ಹುಟ್ಟುತ್ಲೇ ಕೆರೆಗೆ ಕಾಟ್ಲಾ ಮೀನಿನ ಮರಿ ಬಿಟ್ಟಿದ್ಲು. ಮರಿ ಬೆಳೆದ್ರೆ ತಾಯಿ ಮಗನಿಗೆ ವರ್ಷದ ಕೂಳು. ಬೆಳೀದಿದ್ರೆ ಹೊಟ್ಟೆಗೆ ತಣ್ಣೀರು ಬಟ್ಟೆ. ದಿನಾ ಬೆಳಿಗ್ಗೆ ಹೋಗಿ ನೀರು ನೋಡೋಳು, ಮೀನು ಪುಳಕ್ ಅಂದ್ರೆ ಕೈ ಮುಗಿಯೋಳು.

ಕೆರೆ ಮೇಗಡೆ ದಿಣ್ಣೆಯಲ್ಲಿ ಬೋರೇಗೌಡ್ರು ಮದುವೆ ಛತ್ರ ಕಟ್ಟಿಸಿದ್ರು. ಛತ್ರದ ಮುಂದೆ ಹುಲ್ಲಿನ ಲಾನು. ಸಂಜೆ ಆರತಕ್ಷತೆಗೆ ಅಲ್ಲೇ ಕುರ್ಚಿ. ಆ ಲಾನೋ, ಕೆರೆ ಕಡೆಗೇ ಇಳಿಜಾರು. ಅಲ್ಲಿ ಚೆಲ್ಲಿದ್ದು ಇಲ್ಲಿಗೇ ಬರಬೇಕು, ಬೇರೆ ದಾರಿ ಇಲ್ಲ.

"ಹೋಗ್ಲಾ ಮಗ, ಗೌಡ್ರ ಹತ್ರ ಮಾಲಿ ಕೆಲಸ ಕಲಿ. ಹೇಳಿದಂಗೆ ಮಾಡು."

"ಆಗ್ಲಿ ಕಣವ್ವ."

ಮೊದಲ್ನೇ ದಿನ. ಗೌಡ್ರು ಲಾನು ನೋಡಿದ್ರು. "ಥೂ, ಎಲ್ಲಾ ಹಳದಿ! ಲೇ ಜವರ, ತಗೋ ಯೂರಿಯಾ. ಹಳದಿ ಕಂಡ ಕಡೆ ಎರಚು!" ಅಂದು ಹೋದ್ರು.

ಜವರ ಬುಟ್ಟಿ ಹೊತ್ತು ಹೊರಟ. ಛತ್ರದೊಳಗೆ ಮದುವೆ ಗಂಡಿಗೆ ಅರಿಶಿನ ಹಚ್ಚಿ ಹಸೆ ಮೇಲೆ ಕೂರ್ಸಿದ್ರು. ಮುಖ ಹಳದಿ, ಎದೆ ಹಳದಿ, ಕಾಲು ಹಳದಿ. ಇಷ್ಟು ಹಳದಿ ಲಾನಲ್ಲೂ ಇಲ್ಲ! ಎರಚಿದ ನೋಡಿ ಬೊಗಸೆ ಬೊಗಸೆ! "ಅಯ್ಯಯ್ಯೋ, ನನ್ ಕಣ್ಣು!" ಅಂತ ಗಂಡು ಹಸೆ ಬಿಟ್ಟು ಎದ್ದ. ಗೌಡ್ರು ಜವರನ ಕತ್ತು ಹಿಡಿದು ಆಚೆ ನೂಕಿದ್ರು.

"ಅಯ್ಯೋ ನನ್ನ ಕರ್ಮವೇ!" ಅಂದ್ಲು ಮನೇಲಿ ಸಣ್ಣತಾಯಿ. "ಮದುವೆ ಗಂಡಿಗೆ ಯೂರಿಯಾ ಹಾಕ್ತಾರೇನ್ಲಾ?"

"ಹಳದಿ ಇದ್ದ ಕಣವ್ವ."

"ಗೊಬ್ಬರ ಹುಲ್ಲಿಗೆ ಕಣ್ಲಾ! ಲಾನಿನ ಹುಲ್ಲಿಗೆ ಹಾಕಿ, ಮೇಲೆ ನೀರು ಬುಡಬೇಕಿತ್ತು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಮಾರನೇ ದಿನ ಲಾನಿಗೆ ಗೊಬ್ಬರ ಹಾಕ್ದ. ಮೇಲೆ ಪೈಪು ತಿರುವಿ ನೀರು ಬುಟ್ಟ. ಬುಟ್ಟ, ಬುಟ್ಟ, ಬುಟ್ಟ. ಹೊತ್ತು ನೆತ್ತಿಗೆ ಬಂತು, ಬುಟ್ಟ. ಹೊತ್ತು ಇಳೀತು, ಬುಟ್ಟ. ಬುಡು ಅಂದವಳು ನಿಲ್ಸು ಅಂದಿರಲಿಲ್ವಲ್ಲ! ಗೊಬ್ಬರವೆಲ್ಲ ಕರಗಿ ಇಳಿಜಾರಲ್ಲಿ ಹರಿದು ಕೆರೆಗೆ ಹೋಯ್ತು.

ಗೌಡ್ರು ತಲೆ ಮೇಲೆ ಕೈ ಹೊತ್ತುಕೊಂಡ್ರು. "ಕೆರೆಗೆ ಉಣಿಸಿ ಹುಲ್ಲನ್ನ ಉಪವಾಸ ಕೆಡವಿದೆಯಲ್ಲೋ ದರಿದ್ರದೋನೇ!"

ಗೌಡ್ರಿಗೆ ಬಂದಿದ್ದು ಕೋಪ. ಸಣ್ಣತಾಯಿಗೆ ಬಂದಿದ್ದು ಹೆದರಿಕೆ. "ನಮ್ಮ ಮೀನು ಕಣ್ಲಾ ಅಲ್ಲಿರೋದು! ಗೊಬ್ಬರ ಬಿದ್ದ ನೀರು ಪಾಚಿ ಕಟ್ಟುತ್ತೆ. ಪಾಚಿ ಕಟ್ಟಿದ್ರೆ ಮೀನಿಗೆ ಉಸಿರು ಕಟ್ಟುತ್ತೆ. ಒಂದಿಷ್ಟು ಚಿಮುಕಿಸಿ ನಿಲ್ಲಿಸ್ಬೇಕಿತ್ತು! ಜಾಸ್ತಿ ಬುಟ್ರೆ ಕೆರೆಗೆ ಹೋಗುತ್ತೆ!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಅದರ ಮಾರನೇ ದಿನ ಅಡುಗೆಯವರ ಒಲೆಯಿಂದ ಕಿಡಿ ಹಾರಿ ಶಾಮಿಯಾನಕ್ಕೆ ಬೆಂಕಿ ಹತ್ತಿತು. "ನೀರು ತಾರ್ಲಾ ಜವರ, ನೀರು!" ಅಂತ ಗೌಡ್ರು ಕೂಗಿದ್ರು. ಜವರ ಬಕೀಟು ಹೊತ್ತು ಓಡಿ ಬಂದ. ಬೆರಳು ಅದ್ದಿದ. ಚಿಮುಕಿಸಿದ. ಬಕೀಟು ಕೆಳಗಿಟ್ಟ.

"ಹಾಕ್ಲಾ! ಹಾಕು!"

"ಸಾಕು ಗೌಡ್ರೇ. ಜಾಸ್ತಿ ಬುಟ್ರೆ ಕೆರೆಗೆ ಹೋಗುತ್ತೆ!"

ಶಾಮಿಯಾನ ಬೂದಿಯಾಯ್ತು. ಜವರನ ಬೆನ್ನಲ್ಲಿ ಬಾಸುಂಡೆ ಎದ್ದಿತು. ಸಣ್ಣತಾಯಿ ಎಣ್ಣೆ ಹಚ್ತಾ ಬೈದ್ಲು, ಬೈತಾ ಅತ್ತಳು. "ಅಂಥ ಹೊತ್ತಲ್ಲಿ ಕೈ ಬಿಗಿ ಹಿಡೀತಾರೇನ್ಲಾ? ಗೌಡ್ರು ಹಾಕು ಅಂದ್ರೆ ಇರೋದನ್ನೆಲ್ಲಾ ತಂದು ಒಂದೇ ಸಲಕ್ಕೆ ಸುರಿದುಬುಡಬೇಕಿತ್ತು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಪಾಪ, ಆ ಮಾತು ಅವಳ ಬಾಯಿಂದ್ಲೇ ಬಂತು ನೋಡಿ.

ಬೋರೇಗೌಡ್ರ ಮಗಳಿಗೇ ಮದುವೆ ಗೊತ್ತಾಯ್ತು. ಬೀಗರು ದೊಡ್ಡ ಕುಳ. ಗೌಡ್ರಿಗೆ ಒಂದೇ ಚಿಂತೆ, ಲಾನು ಹಸುರಾಗ್ಬೇಕು. ಕೊಟ್ಟಿಗೆ ತುಂಬ ಯೂರಿಯಾ ಮೂಟೆ ತರ್ಸಿದ್ರು. ಒಂದು ಮಧ್ಯಾಹ್ನ ಮೋಡ ಕಪ್ಪಗೆ ಕವೀತು. ಗೌಡ್ರು ಹಿಗ್ಗಿದ್ರು. "ಒಳ್ಳೇದಾಯ್ತು! ಮಳೆಗೆ ಮುಂಚೆ ಹಾಕ್ಬುಟ್ರೆ ನೀರು ಹಾಯ್ಸೋ ಕೆಲಸ ಉಳೀತದೆ. ಹಾಕ್ಲಾ ಜವರ, ಹಾಕು!"

ಮಳೆ ಬರೋ ಮುಂದೆ ಗೊಬ್ಬರ ಹಾಕ್ಸೋ ಮನುಷ್ಯನಿಗೆ ಏನನ್ಬೇಕು? ಪೆದ್ದ ಅಂತ ಹೆಸರು ಬಂದಿದ್ದು ಮಾತ್ರ ಜವರನಿಗೆ. ಇರಲಿ ಬಿಡಿ, ನನ್ನ ಬಾಯಿ ಸುಮ್ನಿರಲ್ಲ. ಗೌಡ್ರು ಹಾಕು ಅಂದ್ರು, ಜವರ ಇರೋದನ್ನೆಲ್ಲಾ ತಂದ. ಮೂಟೆ ಹೊತ್ತ, ಸುರಿದ. ಮೂಟೆ ಹೊತ್ತ, ಸುರಿದ. ಕೊಟ್ಟಿಗೆ ಖಾಲಿಯಾಯ್ತು, ಲಾನು ಉಪ್ಪಿನ ಗದ್ದೆ ಥರ ಬೆಳ್ಳಗಾಯ್ತು. ಸಂಜೆಗೆ ಹುಯ್ತು ಮಳೆ, ಧೋ ಅಂತ.

ಲಾನಲ್ಲಿ ಉಳಿದ ಗೊಬ್ಬರದ ಕಾವಿಗೆ ಹುಲ್ಲು ಸುಟ್ಟು ಕರಕಲಾಯ್ತು. ಕೆರೆ ಹಸುರಾಯ್ತು. ದಿನ ಕಳೆದಂಗೆ ಇನ್ನೂ ಹಸುರಾಯ್ತು, ಪಾಚಿ ಹೆಪ್ಪುಗಟ್ಟಿ ನೀರೇ ಕಾಣದಂಗಾಯ್ತು. ಮದುವೆ ದಿನ ಬೆಳಿಗ್ಗೆ ಸಣ್ಣತಾಯಿ ದಡಕ್ಕೆ ಹೋದ್ಲು. ಪುಳಕ್ ಅನ್ನೋ ಸದ್ದಿಲ್ಲ. ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲ್ತಾ ಇದ್ವು.

ಅವಳು ಅಲ್ಲೇ ಕುಸಿದು ಕೂತ್ಲು. ಒಂದು ಮೀನು ಎತ್ತಿ ಮಡಿಲಿಗೆ ಹಾಕ್ಕಂಡು ಸವರ್ತಾ ಕೂತ್ಲು. ಜವರ ಪಕ್ಕದಲ್ಲಿ ಬಂದು ನಿಂತ.

"ಬೈಯವ್ವ," ಅಂದ.

ಅವಳು ಬೈಲಿಲ್ಲ.

"ಬೈಯವ್ವ. ಏನು ಮಾಡ್ಬೇಕಿತ್ತು ಹೇಳವ್ವ."

ಅವಳು ಮೀನು ಸವರ್ತಾನೇ ಇದ್ಲು. ಅವ್ವ ಬೈದ್ರೆ ತಾನೇ ಅವನಿಗೆ ಮುಂದೇನು ಮಾಡ್ಬೇಕು ಅಂತ ತಿಳಿಯೋದು? ಆ ದೊಡ್ಡ ಆಳು ಮಗು ಥರ ಅತ್ಬುಟ್ಟ. ನನಗೆ ಇಲ್ಲೇ ಹೊಟ್ಟೆ ಉರಿಯೋದು.

ಸಣ್ಣತಾಯಿ ಎದ್ದು ಛತ್ರಕ್ಕೆ ಹೋದ್ಲು, ಹಿಂದೆ ಜವರ. "ಗೌಡ್ರೇ, ನನ್ನ ಮೀನೆಲ್ಲ ಹೋಯ್ತು. ನಾವು ಏನು ತಿನ್ನೋಣ?"

"ನಿನ್ನ ಮಗ ಮಾಡಿದ್ದಕ್ಕೆ ನಾನೇನಮ್ಮ ಮಾಡ್ಲಿ? ನನ್ನ ಲಾನೇ ಸುಟ್ಟೋಗ್ಯದೆ, ನಾನ್ಯಾರನ್ನ ಕೇಳ್ಲಿ? ಕೆರೆ ಹಸುರಾದ್ರೆ ಏನಾಯ್ತು, ನೋಡೋಕೆ ಚೆಂದಾಗೇ ಅದೆ!" ಅಂದು ಜವರನ ಕಡೆ ತಿರುಗಿದ್ರು. "ಏನ್ಲಾ ನೋಡ್ತಾ ನಿಂತೆ? ಸಂಜೆ ಬೀಗರು ಬರ್ತಾರೆ. ಸುಟ್ಟಿರೋ ಕಡೆ ಬ್ಯಾಡ, ಎಲ್ಲಿ ಹಸುರಾಗಿ ಅದೆಯೋ ಅಲ್ಲಿ ನೋಡಿ ಕುರ್ಚಿ ಹಾಕು. ಕೂತೋರಿಗೆ ಮೊದ್ಲು ನೀರು ಕೊಡು!"

"ಆಗ್ಲಿ ಗೌಡ್ರೇ, ಹಂಗೇ ಮಾಡ್ತೀನಿ."

ಸಂಜೆ ಆಯ್ತು. ವಾಲಗ ಊದಿಸ್ಕೊಂಡು ಬೀಗರು ಬಂದ್ರು. ಲಾನು ನೋಡ್ತಾರೆ, ಒಂದೂ ಕುರ್ಚಿಯಿಲ್ಲ. ಕೆರೆ ನೋಡ್ತಾರೆ, ದಡದಿಂದ ಮೊಳಕಾಲುದ್ದ ನೀರಿನವರೆಗೂ ಸಾಲು ಸಾಲಾಗಿ ಕುರ್ಚಿ! ಮುಂದೆ ಹೆಣ್ಣುಗಂಡಿನ ಜರತಾರಿ ಕುರ್ಚಿ, ಅದರ ಕಾಲಿಗೆ ಸತ್ತ ಮೀನು ತಾಕ್ಕೊಂಡವೆ. ನಡುವೆ ಜವರ, ಲೋಟದ ತಟ್ಟೆ ಹಿಡ್ಕೊಂಡು. "ಬನ್ನಿ, ಕೂತ್ಕಳಿ! ಎಲ್ಲೂ ಇಷ್ಟು ಹಸುರಿಲ್ಲ!"

ವಾಲಗ ನಿಂತೋಯ್ತು. ಬೀಗರು ಸೆರಗು, ಪಂಚೆ ಮೂಗಿಗೆ ಹಿಡಿದ್ರು. ಅಷ್ಟರಲ್ಲಿ ಸಣ್ಣತಾಯಿ ಬಂದ್ಲು. ಈಗ ಬೈತಾಳೆ ಅಂತ ಎಲ್ಲ ಕಾದ್ರು. ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದ್ಲು. ಮೊದಲ್ನೇ ಸಾಲಿನ ಕುರ್ಚಿ ಮೇಲೆ ಕೂತ್ಲು. ಕೂತೋರಿಗೆ ಮೊದ್ಲು ನೀರಲ್ಲವಾ? ಜವರ ಕೆರೆಯಲ್ಲೇ ಲೋಟ ಅದ್ದಿ ಅವ್ವನ ಕೈಗೆ ಕೊಟ್ಟ.

ಸಣ್ಣತಾಯಿ ಲೋಟದೊಳಗೆ ನೋಡಿದ್ಲು. ಕುಡೀಲಿಲ್ಲ. ದಡದಲ್ಲಿ ನಿಂತ ಗೌಡ್ರ ಕಡೆ ಕೈ ನೀಡಿದ್ಲು.

"ನೀವು ಹಾಕು ಅಂದಂಗೇ ನನ್ನ ಮಗ ಸರಿಯಾಗಿ ಹಾಕವ್ನೆ. ತಗಳಿ ಗೌಡ್ರೇ, ಬೀಗರ ಮುಂದೆ ನೀವೇ ಮೊದ್ಲು ಕುಡೀರಿ."

ಗೌಡ್ರು ತಗೊಳ್ಳಂಗಿಲ್ಲ, ಬಿಡಂಗಿಲ್ಲ. ಜವರನಿಗೆ ಗಾಬರಿ ಆಯ್ತು. "ತಡೀರಿ ತಡೀರಿ, ನಿಂತ್ಕಂಡು ಕುಡೀಬ್ಯಾಡಿ! ಕೂತೋರಿಗೆ ಅಂದಿದ್ರಿ!" ಅಂತ ಒಂದು ಕುರ್ಚಿ ಎತ್ಕೊಂಡು ಓಡಿ ಬಂದು ಗೌಡ್ರ ಹಿಂದೆ ಹಾಕಿ, ಹೆಗಲ ಮೇಲಿನ ಟವಲಲ್ಲೇ ಒರೆಸಿ ನಿಂತ.

ಸಣ್ಣತಾಯಿ ಕೆರೆಯೊಳಗೆ, ಗೌಡ್ರು ದಡದ ಮೇಲೆ, ನಾವು ಇಲ್ಲಿ.