ಮುಟ್ಟದ ಖಾನೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ, ಯಂತ್ರದ ಮಾತು ಕಲಿಸುತ್ತಿದ್ದರು. ಕಂಪ್ಯೂಟರಿನ ಅಸೆಂಬ್ಲಿ ಭಾಷೆ ಅನ್ನುತ್ತಾರಲ್ಲ, ಅದು. ನಗಬೇಡಿ. ಮನುಷ್ಯನ ಕಳ್ಳಾಟ ಬೇಗ ಬಯಲಾಗಬೇಕೆಂದರೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಗುರುಗಳ ಹೆಸರು ಅಡವಯ್ಯ. ಶಿಷ್ಯರಿಗೆಲ್ಲ ಅವರು ಅಜ್ಜಾರು.

ಆಶ್ರಮಕ್ಕೆಲ್ಲ ಒಂದೇ ಯಂತ್ರ. ಶಿಷ್ಯರು ಬರೆದ ಒಂದೊಂದು ಕೆಲಸ ಅದರಲ್ಲಿ ಒಂದೊಂದು ಎಳೆ. ಒಂದು ಎಳೆ ಗಂಟೆ ಬಾರಿಸುತ್ತಿತ್ತು. ಇನ್ನೊಂದು ಪಂಪು ಹಾಕಿ ಹೊಳೆಯ ನೀರನ್ನು ಸಸಿಮಡಿಗೆ ಬಿಡುತ್ತಿತ್ತು. ಎಳೆಗಳ ತಲೆ ಮೇಲೆ ಯಜಮಾನ ಅಂತ ಯಾರೂ ಇಲ್ಲ. ಒಂದು ಎಳೆ ತಾನಾಗೇ "ಸದ್ಯಕ್ಕೆ ನಂದು ಸಾಕು" ಅಂತ ಎದ್ದು ಇನ್ನೊಂದಕ್ಕೆ ಜಾಗ ಬಿಡಬೇಕು.

ಒಂದನ್ನು ಎಬ್ಬಿಸಿ ಇನ್ನೊಂದನ್ನು ಕೂರಿಸುವ ತುಣುಕಿಗೆ ಅಲ್ಲಿ 'ಬದಲಿ' ಅಂತ ಹೆಸರು. ಅದನ್ನು ಬರೆದವನು ಕೊಟ್ರೇಶ. ಬಲು ಚುರುಕು. ತಾನು ಚುರುಕು ಅಂತ ಅವನಿಗೇ ಗೊತ್ತಿತ್ತು, ತೊಂದರೆ ಅದೇ.

ನೀರಿನ ಎಳೆ ಬರೆದವಳು ಹಾಲಮ್ಮ.

ಒಂದು ಬೆಳಿಗ್ಗೆ ಪಂಪು ನಿಲ್ಲಲೇ ಇಲ್ಲ. ಎಲ್ಲರೂ ಸೇರಿ ಬೆಳೆಸಿದ್ದ ಬದನೆ ಸಸಿ, ಮೆಣಸಿನ ಸಸಿ ಎಲ್ಲ ಕೆಸರಿನಲ್ಲಿ ಮಲಗಿದ್ದವು.

ಪಾಠದ ಹೊತ್ತಿಗೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು.

"ನಾನು ಲೆಕ್ಕ ಸರಿಯಾಗೇ ಇಟ್ಟಿದ್ದೆ," ಅಂದಳು ಹಾಲಮ್ಮ. "ಎಷ್ಟು ನೀರು ಹೋಯ್ತು ಅನ್ನೋದನ್ನ ಒಂದು ಖಾನೇಲಿ ಎಣಿಸ್ತಾ ಇದ್ದೆ, ಸಾಕಷ್ಟಾದಾಗ ಪಂಪು ನಿಲ್ಲಿಸೋಕೆ. ಗಂಟೆಯ ಎಳೆಗೆ ಜಾಗ ಬಿಟ್ಟು, ಮತ್ತೆ ನನ್ನ ಸರದಿ ಬಂದಾಗ ನೋಡಿದರೆ ಅದರಲ್ಲಿ ಬೇರೆ ಏನೋ ಕೂತಿತ್ತು."

ಖಾನೆ ಅಂದರೆ ಯಂತ್ರದೊಳಗಿನ ರಿಜಿಸ್ಟರ್. ಇರುವುದೇ ಕೆಲವು. ಎಲ್ಲ ಎಳೆಗಳೂ ಸರದಿಯ ಮೇಲೆ ಅವನ್ನೇ ಬಳಸಬೇಕು.

"ಖಾನೆಗೇನು ದೆವ್ವ ಹಿಡಿದಿತ್ತಾ?" ಅಂದ ಕೊಟ್ರೇಶ. "ಇವಳು ಎಣಿಸೇ ಇಲ್ಲ ಅಜ್ಜಾರೇ. ಸಸಿ ಹೋದ ಮೇಲೆ ಕಥೆ ಕಟ್ತಾ ಇದಾಳೆ. ಸುಳ್ಳಿ!"

ಪಡಸಾಲೆ ತುಂಬ ನಗು. ಆ ನಗುವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳು ಬರೆದದ್ದನ್ನು ಅಲ್ಲಿದ್ದವರಲ್ಲಿ ಒಬ್ಬರಾದರೂ ಓದಿದ್ದರೇ? ಇಲ್ಲ. ಕೊಟ್ರೇಶ ಹೇಳಿದ, ಇವರು ನಕ್ಕರು.

ಹಾಲಮ್ಮ ಅಳಲಿಲ್ಲ. ಎದ್ದು ನಿಂತಳು.

"ಸುಳ್ಳಿ ಅನ್ನಿಸಿಕೊಂಡ ಜಾಗದಲ್ಲಿ ನಾನು ಒಂದು ತೊಟ್ಟು ನೀರೂ ಕುಡಿಯಲ್ಲ. ಮಧ್ಯಾಹ್ನದ ದೋಣಿಗೆ ಹೋಗ್ತೀನಿ."

ಬಟ್ಟೆ ಗಂಟು ಕಟ್ಟಲು ಹೊರಟೇಬಿಟ್ಟಳು. ಅಜ್ಜಾರು ತಡೆಯಲಿಲ್ಲ. ಎಲ್ಲರನ್ನೂ ಕಳಿಸಿ, ಕೊಟ್ರೇಶನನ್ನು ಮಾತ್ರ ಕೂರಿಸಿಕೊಂಡರು.

"ನಿನ್ನ ಬದಲಿ ಏನು ಮಾಡುತ್ತೆ, ಹೇಳು."

"ಏಳುವ ಎಳೆಯ ಖಾನೆಗಳಲ್ಲಿ ಇರೋದನ್ನ ಅದರದೇ ಸ್ಟ್ಯಾಕ್ ಮೇಲೆ ಪೇರಿಸಿಡುತ್ತೆ. ಪ್ರತಿ ಎಳೆಗೂ ತನ್ನದು ಅಂತ ಇರೋ ಜಾಗ ಅದೊಂದೇ ಅಲ್ವಾ? ಆಮೇಲೆ ಕೂರುವ ಎಳೆಯ ಸ್ಟ್ಯಾಕ್‌ಗೆ ಹೋಗಿ, ಅದು ಇಟ್ಟು ಹೋಗಿದ್ದನ್ನ ತೆಗೆದು ಖಾನೆಗಳಿಗೆ ತುಂಬುತ್ತೆ."

"ಎಲ್ಲಾ ಖಾನೆನೂ ಎತ್ತಿಡುತ್ತಾ?"

"ಒಂದು ಬಿಟ್ಟು."

"ಹಾಲಮ್ಮ ಎಣಿಸ್ತಾ ಇದ್ದದ್ದು ಯಾವುದರಲ್ಲಿ?"

ಕೊಟ್ರೇಶ ಆಗ ಮೊದಲ ಸಲ ಅವಳು ಬರೆದದ್ದನ್ನು ತೆಗೆದು ನೋಡಿದ. "ಅದರಲ್ಲೇ."

ಮರುಕ್ಷಣವೇ ಅವನಿಗೆ ರೇಗಿಹೋಯಿತು.

"ಆದರೆ ಆ ಖಾನೆ ನಾನು ಮುಟ್ಟೇ ಇಲ್ಲ ಅಜ್ಜಾರೇ! ನಿಯಮ ಹೇಳಿಕೊಟ್ಟವರು ನೀವೇ. ಎಳೆ ಕರೆಸಿಕೊಂಡ ತುಣುಕು ತಾನು ಬಳಸಿದ ಖಾನೆಯನ್ನ ಮೊದಲಿದ್ದ ಹಾಗೇ ಒಪ್ಪಿಸಿ ಹೋಗಬೇಕು ಅಂದಿರಿ. ಬಳಸಿದ್ದನ್ನ! ನನ್ನ ಬದಲೀಲಿ ಒಂದೇ ಒಂದು ಸಾಲೂ ಅದನ್ನ ಬಳಸಲ್ಲ. ಬಳಸದೇ ಇರೋದನ್ನ ಯಾಕೆ ಎತ್ತಿಡಲಿ? ಬಳಸಿದ್ದು ಗಂಟೆಯ ಎಳೆ, ಅದನ್ನ ಕೇಳಿ. ನನ್ನನ್ನ ಯಾಕೆ ಹಿಡಕೊಂಡಿದೀರಿ?"

ನಿಯಮದ ಮಾತು ಹಿಡಿದು ನೋಡಿದರೆ ಅವನು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಸಿಟ್ಟು ಬರುವುದೇ ಅಲ್ಲಿ.

ಅಜ್ಜಾರು ವಾದಕ್ಕೆ ಇಳಿಯಲಿಲ್ಲ.

"ಅಡುಗೆಮನೆಗೆ ನಡಿ. ಊಟಕ್ಕೆ ಶೇಂಗಾ ಚಟ್ನಿ ರುಬ್ಬು."

ಕೊಟ್ರೇಶ ಗೊಣಗುತ್ತಲೇ ಒರಳಿನ ಮುಂದೆ ಕೂತ. ಶೇಂಗಾ, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಹಾಕಿ ರುಬ್ಬತೊಡಗಿದ. ಇನ್ನೇನು ನುಣ್ಣಗಾಗಬೇಕು, ಅಜ್ಜಾರು ಬಾಗಿಲಲ್ಲಿ ಬಂದು ನಿಂತರು.

"ಏಳು. ಹೋಗಿ ಸೌದೆ ತಾ."

ಅವನು ಹೋದ. ದೋಸೆಗೆ ಅಕ್ಕಿ ನೆನೆಹಾಕಿಕೊಂಡು ಕಾಯುತ್ತಿದ್ದ ಇನ್ನೊಬ್ಬ ಶಿಷ್ಯನಿಗೆ ಅಜ್ಜಾರು "ಕೂತ್ಕೋ" ಅಂದರು. ಆತ ಕೂತ. ಅಕ್ಕಿ ಸುರಿದು ರುಬ್ಬಿದ. ಕೊಟ್ರೇಶ ಸೌದೆ ತಂದು ಹಾಕುತ್ತಲೇ ಅಜ್ಜಾರು ಆತನನ್ನು ಎಬ್ಬಿಸಿದರು.

"ಬಾ ಕೊಟ್ರೇಶಿ. ಬಿಟ್ಟಲ್ಲಿಂದ ಮುಂದುವರಿಸು."

ಕೊಟ್ರೇಶ ಒರಳಿನೊಳಗೆ ನೋಡಿದ.

"ಅಯ್ಯಯ್ಯೋ! ಯಾರು ಮಾಡಿದ್ದಿದು? ನನ್ನ ಚಟ್ನಿ ಮೇಲೆ ಅಕ್ಕಿ ಸುರಿದವರು ಯಾರು?"

"ಅವನ ಸರದಿ ಬಂತು. ಅವನು ರುಬ್ಬಿದ," ಅಂದರು ಅಜ್ಜಾರು.

"ರುಬ್ಬಲಿ, ಬೇಡ ಅಂದವರು ಯಾರು? ಅದಕ್ಕೆ ಮೊದಲು ನನ್ನ ಚಟ್ನಿ ತೆಗೆದು ಒಂದು ಬಟ್ಟಲಿಗೆ ಹಾಕಬೇಕಿತ್ತು!"

"ಯಾರು ಹಾಕಬೇಕಿತ್ತು?"

"ಇನ್ಯಾರು? ನನ್ನನ್ನ ಏಳು ಅಂದವರು!"

ಅಜ್ಜಾರು ತಮ್ಮ ಎರಡೂ ಕೈಗಳನ್ನು ಅವನ ಮುಖದ ಮುಂದೆ ಹಿಡಿದರು. ಒಣ ಕೈ. ಚಟ್ನಿಯ ಒಂದು ಚೂರೂ ಅಂಟಿರಲಿಲ್ಲ.

ಕೊಟ್ರೇಶ ಆ ಕೈಗಳನ್ನೇ ನೋಡುತ್ತಾ ಕೂತ. ಆಮೇಲೆ ಎದ್ದು ಯಂತ್ರದ ಕೋಣೆಗೆ ಹೋದ.

ತನ್ನ ಬದಲಿಯ ತುಣುಕಿಗೆ ಎರಡು ಸಾಲು ಸೇರಿಸಿದ. ಎದ್ದು ಹೋಗುವವರ ಆ ಖಾನೆಯನ್ನು ಅವರ ಸ್ಟ್ಯಾಕ್ ಮೇಲೆ ಇಡುವುದು ಒಂದು. ವಾಪಸು ಬಂದವರಿಗೆ ಅಲ್ಲಿಂದಲೇ ತೆಗೆದು ಕೊಡುವುದು ಇನ್ನೊಂದು. ಯಂತ್ರ ನಡೆಸಿ ನೋಡಿದ. ಗಂಟೆ ಹೊಡೆಯಿತು, ನೀರು ಹರಿಯಿತು, ಹಾಲಮ್ಮನ ಎಣಿಕೆ ಅಲುಗಲಿಲ್ಲ. ಹೊತ್ತಿಗೆ ಸರಿಯಾಗಿ ಪಂಪು ತಾನೇ ನಿಂತಿತು.

ಅವಳು ಒಂದು ಸಾಲನ್ನೂ ತಪ್ಪು ಬರೆದಿರಲಿಲ್ಲ. ಕೊಟ್ರೇಶ ತಟ್ಟನೆ ಎದ್ದ. ಹೊಳೆಯ ಕಡೆ ಓಡಿದ.

ಹಾಲಮ್ಮ ದಂಡೆಯ ಕಲ್ಲಿನ ಮೇಲೆ ಗಂಟು ಹಿಡಿದು ಕೂತಿದ್ದಳು. ದೋಣಿ ಆಗಲೇ ಈ ಕಡೆಗೆ ಬರುತ್ತಿತ್ತು.

"ತಂಗೀ, ತಪ್ಪು ನಂದು. ನಿನ್ನ ಖಾನೆ ನಾನು ಎತ್ತಿಡಲಿಲ್ಲ. ನೀನು ಸರಿಯಾಗೇ ಎಣಿಸಿದ್ದೆ. ಹೋಗಬೇಡ."

"ಯಾರಿಗೆ ಹೇಳ್ತಾ ಇದೀಯ?"

"ನಿನಗೇ ಹೇಳ್ತಾ ಇದೀನಿ."

"ನಾನು ಎಣಿಸಿದ್ದು ನನಗೆ ಗೊತ್ತಿಲ್ವಾ?" ಹಾಲಮ್ಮ ಎದ್ದಳು. "ಗೊತ್ತಿರೋಳ ಮುಂದೆ ಬಂದು ಹೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ಸುಳ್ಳಿ ಅನ್ನೋಕೆ ಪಡಸಾಲೆ ತುಂಬ ಜನ ಬೇಕಿತ್ತು. ತಪ್ಪಾಯ್ತು ಅನ್ನೋಕೆ ಯಾರೂ ಇಲ್ಲದ ದಂಡೆ ಹುಡುಕ್ಕೊಂಡು ಬಂದಿದೀಯ!"

"ಎಲ್ಲರಿಗೂ ಹೇಳ್ತೀನಿ. ಖಂಡಿತ ಹೇಳ್ತೀನಿ. ಮೊದಲು ನೀನು ಬಾ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ದೋಣಿಯವನಿಗೆ ಸ್ವಲ್ಪ ನಿಲ್ಲಲು ಕೂಗಿ ಹೇಳಿದಳು.

"ಬಾಗಿಲ ತನಕ ಬರ್ತೀನಿ. ಗಂಟು ಕೆಳಗಿಡಲ್ಲ."

ಪಡಸಾಲೆಯಲ್ಲಿ ಎಲೆ ಹಾಕಿ ಆಗಿತ್ತು. ಚಟ್ನಿಯನ್ನು ಇನ್ನೊಮ್ಮೆ ರುಬ್ಬಬೇಕಾಗಿ ಬಂದು ಊಟ ತಡವಾಗಿತ್ತು. ಎಲ್ಲರೂ ಸಾಲಾಗಿ ಕೂತು ಅಡುಗೆಮನೆಯ ಕಡೆಗೇ ನೋಡುತ್ತಿದ್ದರು. ಬೆಳಿಗ್ಗೆ ನಕ್ಕವರೆಲ್ಲ ಅಲ್ಲಿದ್ದರು.

ಆ ಮುಖಗಳನ್ನು ಕಂಡಿದ್ದೇ ತಡ, ಕೊಟ್ರೇಶನ ಧೈರ್ಯ ಇಳಿದುಹೋಯಿತು. ಸಾಲಿನ ತುದಿಯಲ್ಲಿ ಕೂತಿದ್ದ ಅಜ್ಜಾರ ಹತ್ತಿರ ಹೋಗಿ ಬಗ್ಗಿ, ಕಿವಿಯಲ್ಲಿ ಹೇಳಿದ:

"ಬದಲಿ ಸರಿ ಮಾಡಿದೀನಿ ಅಜ್ಜಾರೇ. ತಪ್ಪು ನಂದೇ ಇತ್ತು. ನಾಳೆ ಪಾಠದಲ್ಲಿ ಎಲ್ಲರಿಗೂ ವಿವರವಾಗಿ ಹೇಳ್ತೀನಿ. ಈಗ ಎಲೆ ಮುಂದೆ ಕೂತಿದಾರೆ, ಪಾಪ."

ಬಾಗಿಲಲ್ಲಿ ಹಾಲಮ್ಮ ಗಂಟು ಹಿಡಿದು ನಿಂತಿದ್ದಳು. ದಂಡೆಯಿಂದ ದೋಣಿಯವನು ಕೂಗುತ್ತಿದ್ದ.

ಅನ್ನ ಬಡಿಸಲು ಬಂದವರಿಗೆ ಅಜ್ಜಾರು ಕೈ ಅಡ್ಡ ಹಿಡಿದರು. ಬಡಿಸುವವರು ಅನ್ನದ ಬುಟ್ಟಿಯನ್ನು ಕೆಳಗಿಟ್ಟರು.

ಅಜ್ಜಾರು ಕೊಟ್ರೇಶನ ಕಡೆ ತಿರುಗಿ, ಪಡಸಾಲೆಗೆಲ್ಲ ಕೇಳುವ ಹಾಗೆ ಅಂದರು:

"ಎಲ್ಲರಿಗೂ ಹಸಿವಾಗಿದೆ. ಬೇಗ ಹೇಳು."