ಕಸವೆಂಬ ಹೆಸರು

"ಬುದ್ಧೀ, ಈ ವರ್ಷ ನಮ್ಮ ವಿದ್ಯಾರ್ಥಿನಿಲಯಕ್ಕೆ ಸೇರಿದವರಲ್ಲಿ ಒಂದಿಷ್ಟು ಕಸವೂ ಬಂದು ಸೇರಿದೆ. ಅದನ್ನು ಈ ವಾರವೇ ಗುಡಿಸಿ ಹೊರಗೆ ಹಾಕಿದರೆ ಉಳಿದವರಾದರೂ ನೆಟ್ಟಗೆ ಓದಿಯಾರು. ಅಪ್ಪಣೆಯಾಗಬಹುದೇ?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ಅವನದು. ಕೆಲಸದಲ್ಲಿ ಚುರುಕು, ನಡತೆಯಲ್ಲಿ ಶುದ್ಧ, ಮಾತಿನಲ್ಲಿ ಖಂಡಿತ. ಗುರುಗಳು ಅಪ್ಪಣೆಯನ್ನು ಕೊಡಲೂ ಇಲ್ಲ, ನಿರಾಕರಿಸಲೂ ಇಲ್ಲ. ಕುಳಿತುಕೊಳ್ಳುವಂತೆ ಕೈಸನ್ನೆ ಮಾಡಿ, "ಗುಡಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವನೊಬ್ಬನ ಕತೆಯಿದೆ, ಕೇಳು" ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಗುತ್ತಿಗೆದಾರನಿದ್ದನು. ಮದುವೆಯ ಛತ್ರಗಳನ್ನು ಶುಚಿಗೊಳಿಸುವುದು ಅವನ ಕೆಲಸ. ಕೈಕೆಳಗೆ ಒಂದು ತಂಡದಷ್ಟು ಆಳುಗಳಿದ್ದರು. ಸಾಗಿಸಲು ಒಂದು ಟ್ರ್ಯಾಕ್ಟರ್ ಇತ್ತು. ಒಂದು ಮದುವೆಯ ದಿಬ್ಬಣ ಹೊರಟು ಇನ್ನೊಂದರ ದಿಬ್ಬಣ ಬಂದಿಳಿಯುವುದರೊಳಗೆ ಛತ್ರವು ಕನ್ನಡಿಯಂತಾಗಬೇಕು, ಆಗುತ್ತಿತ್ತು. "ನಿನ್ನೆ ಇಲ್ಲೊಂದು ಮದುವೆ ನಡೆದದ್ದು ಗೋಡೆಗೂ ನೆನಪಿರಬಾರದು" ಎಂದು ಅವನು ಆಳುಗಳಿಗೆ ಹೇಳುತ್ತಿದ್ದನು. ಅದು ಜಂಬದ ಮಾತಲ್ಲ. ಕೆಲಸ ಬಲ್ಲವನು ತನ್ನ ಕೆಲಸದ ವಿಷಯವಾಗಿ ಆಡುವ ಮಾತು.

ಆ ಕೆಲಸಕ್ಕೊಂದು ಕ್ರಮವಿತ್ತು. ನಾಲ್ಕು ಮೂಲೆಗಳಿಂದ ಹೊರಟ ಪೊರಕೆಗಳು ನಡುವೆ ಬಂದು ಕೂಡುತ್ತಿದ್ದವು. ಕೂಡಿದಲ್ಲಿ ಒಂದು ರಾಶಿ ಏಳುತ್ತಿತ್ತು. ರಾಶಿಯನ್ನು ಟ್ರ್ಯಾಕ್ಟರಿಗೆ ತುಂಬಿ, ಊರ ಹೊರಗೆ ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಗುಂಡಿಗೆ ಸುರಿದು ಬಂದರೆ ಮುಗಿಯಿತು. ಗುತ್ತಿಗೆದಾರನು ರಾಶಿ ಎದ್ದ ಮೇಲೆ ಬಂದು, ನೆಲದ ಮೇಲೆ ಅಂಗೈ ಆಡಿಸಿ, ಧೂಳು ಹತ್ತದಿದ್ದರೆ ತಲೆದೂಗಿ ಹೋಗುತ್ತಿದ್ದನು.

ವೈಶಾಖದ ಲಗ್ನಗಳು ಬಿಡುವಿಲ್ಲದೆ ನಡೆಯುತ್ತಿದ್ದಾಗ ಆ ಗುಂಡಿ ತುಂಬಿತು. ಪಕ್ಕದ ಹಳ್ಳಿಯವರು ಬಂದು ಟ್ರ್ಯಾಕ್ಟರಿನ ಮುಂದೆ ನಿಂತರು. ತಮ್ಮ ಬಾವಿಯ ನೀರು ನಾರುತ್ತಿದೆ, ಇನ್ನು ಒಂದು ಬುಟ್ಟಿಯೂ ಇಲ್ಲಿ ಬೀಳಕೂಡದು ಎಂದರು. ಅವರ ಮಾತು ನ್ಯಾಯವಾಗಿತ್ತು. ಟ್ರ್ಯಾಕ್ಟರು ತುಂಬಿಕೊಂಡು ಹೋದುದನ್ನು ಹಾಗೆಯೇ ತಂದು ಛತ್ರದ ಹಿತ್ತಲಿಗೆ ಸುರಿಯಿತು. ಛತ್ರದ ಒಳಗೆ ಆಗ ಒಂದು ಮದುವೆ ನಡೆಯುತ್ತಿತ್ತು. ಮರುದಿನ ಸಂಜೆ ಇನ್ನೊಂದು ದಿಬ್ಬಣ ಬರುವುದಿತ್ತು.

ಛತ್ರದ ಉಸ್ತುವಾರಿ ಹೊತ್ತಿದ್ದ ಮಣೆಗಾರನು ಮೂಗು ಮುಚ್ಚಿಕೊಂಡೇ ಹೇಳಿದನು: "ದಿಬ್ಬಣ ಬರುವಷ್ಟರಲ್ಲಿ ಒಳಗೂ ಹೊರಗೂ ಚೊಕ್ಕಟವಾಗಿರಬೇಕು. ಇಲ್ಲದಿದ್ದರೆ ಬೇರೆ ಊರಿನವರನ್ನು ಕರೆಸುತ್ತೇನೆ."

ಒಂದು ಛತ್ರ ಕೈಬಿಟ್ಟರೆ ಮಿಕ್ಕ ಛತ್ರಗಳೂ ಕೈಬಿಡುತ್ತವೆ. ಅಷ್ಟೂ ಆಳುಗಳ ಮನೆಯ ಒಲೆ ಆ ಕೆಲಸದಿಂದಲೇ ಉರಿಯಬೇಕು. ಗುತ್ತಿಗೆದಾರನು ಇದನ್ನು ಬಲ್ಲವನಾಗಿದ್ದರೂ ಎದೆಗುಂದುವ ಜಾಯಮಾನದವನಲ್ಲ. ಇಷ್ಟು ದೊಡ್ಡ ಊರಿನಲ್ಲಿ ಕಸಕ್ಕೆ ಒಂದು ಜಾಗ ಸಿಕ್ಕದೆ ಹೋದೀತೇ ಎಂದುಕೊಂಡು ಹೊರಟನು.

ಮೊದಲು ಎಮ್ಮೆ ಸಾಕಿಕೊಂಡಿದ್ದ ಒಬ್ಬ ಹೆಂಗಸಿನ ಹಟ್ಟಿಗೆ ಹೋದನು.

"ತಾಯಿ, ನಿಮ್ಮ ಹೊಲದ ಮೂಲೆಯಲ್ಲಿ ನನ್ನ ಕಸಕ್ಕೆ ಒಂದಿಷ್ಟು ಜಾಗ ಕೊಡುತ್ತೀರಾ?"

"ಕಸ ಇಟ್ಟುಕೊಂಡು ನಾನೇನು ಮಾಡಲಿ ಯಜಮಾನರೇ? ಉಂಡೆದ್ದ ಬಾಳೆಯೆಲೆ ಇದ್ದರೆ ಹೇಳಿ. ಈ ಬಿಸಿಲಿಗೆ ಹುಲ್ಲೆಲ್ಲ ಸುಟ್ಟುಹೋಗಿ, ಎಮ್ಮೆಗಳು ನನ್ನ ಸೆರಗನ್ನೇ ಮೇಯುವುದಕ್ಕೆ ನೋಡುತ್ತವೆ."

"ಎಲೆಯ ವ್ಯಾಪಾರ ನನ್ನದಲ್ಲ ತಾಯಿ. ನನ್ನ ಹತ್ತಿರ ಇರುವುದು ಕಸ."

"ಹಾಗಾದರೆ ಬೇರೆ ಕಡೆ ಕೇಳಿ. ಎಲೆಯವರು ಯಾರಾದರೂ ಸಿಕ್ಕಿದರೆ ಈ ಕಡೆ ಕಳಿಸಿ."

ಕಳಿಸುತ್ತೇನೆಂದು ಮಾತು ಕೊಟ್ಟು ಅವನು ಮುಂದೆ ನಡೆದನು. ಹಗ್ಗ ಹೊಸೆಯುವವನು ಕಸ ಬೇಡವೆಂದನು. ತೆಂಗಿನ ಸಿಪ್ಪೆಯಿದ್ದರೆ ಎಷ್ಟಾದರೂ ಬೇಕೆಂದನು. ಊದುಬತ್ತಿ ಮಾಡುವವನು ಕಸವೆಂಬ ಮಾತಿಗೇ ಮುಖ ಕಿವಿಚಿದನು. ಬಾಡಿದ ಹೂವಿದ್ದರೆ ಒಣಗಿಸಿ ಪುಡಿ ಮಾಡಿಕೊಳ್ಳುತ್ತೇನೆಂದನು. ಇಬ್ಬರಿಗೂ ಅವನು ಅದೇ ಉತ್ತರವನ್ನು ಕೊಟ್ಟನು. ಸುಳ್ಳು ಹೇಳುತ್ತಿದ್ದೇನೆಂಬ ಶಂಕೆ ಅವನಿಗೆ ಲೇಶವೂ ಇರಲಿಲ್ಲ.

ಬರಿಗೈಯಲ್ಲಿ ಛತ್ರಕ್ಕೆ ಮರಳಿದಾಗ ಮದುವೆ ಮುಗಿದಿತ್ತು. ಆಳುಗಳೆಲ್ಲ ಹಿತ್ತಲಿನ ರಾಶಿಯ ಸುತ್ತ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಒಳಗೆ ಯಾರೂ ಇರಲಿಲ್ಲ. ಸುಮ್ಮನೆ ನಿಲ್ಲಲಾರದೆ ಅವನೇ ಒಂದು ಪೊರಕೆಯನ್ನು ಹಿಡಿದು, ಛತ್ರವನ್ನೆಲ್ಲ ಒಂದು ಸುತ್ತು ಹಾಕಿ ಊಟದ ಮನೆಗೆ ಬಂದನು.

ಪೊರಕೆ ಆಡುವ ಮೊದಲು ಛತ್ರ ಹೇಗಿರುತ್ತದೆಂಬುದನ್ನು ಅವನು ನೋಡಿ ಎಷ್ಟೋ ಕಾಲವಾಗಿತ್ತು.

ಎಲೆಗಳು ಪಂಕ್ತಿಯಲ್ಲಿಯೇ ಇದ್ದವು. ಉಂಡವರು ಮಡಿಚಿಟ್ಟು ಎದ್ದಿದ್ದರು. ಹೂಗಳು ಹಸೆಯ ಸುತ್ತ ಬಿದ್ದಿದ್ದವು. ತೆಂಗಿನ ಸಿಪ್ಪೆ ಅಡಿಗೆಮನೆಯ ಹಿಂದೆ ಇತ್ತು. ನೀರಿನ ಬಾಟಲಿಗಳು ಕುರ್ಚಿಗಳ ಕೆಳಗೆ ಹೊರಳಿದ್ದವು. ಒಂದರ ಮೇಲೊಂದು ಬಿದ್ದಿರಲಿಲ್ಲ. ಒಂದನ್ನೊಂದು ಮುಟ್ಟಿಯೂ ಇರಲಿಲ್ಲ. ಎಲ್ಲವನ್ನೂ ಅವನು ನೋಡಿದನು. ತಾನು ಗುಡಿಸಬೇಕಾದ ಕಸ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಅಭ್ಯಾಸಬಲದಿಂದ ಕೈ ಮೂಲೆಗೆ ಹೋಗಿ, ಅಲ್ಲಿಂದ ಹಸೆಯ ಕಡೆಗೆ ಗುಡಿಸತೊಡಗಿತು. ಪೊರಕೆ ಎಲೆಯನ್ನು ಎಳೆದುಕೊಂಡಿತು. ಎಲೆ ಬಿಚ್ಚಿಕೊಂಡು ಸಾರು ಹರಿಯಿತು. ಸಾರಿನಲ್ಲಿ ಹೂ ಅದ್ದಿತು. ಹೂವಿಗೆ ಬಾಟಲಿ ಬಂದು ಅಂಟಿತು. ಅವನು ಪೊರಕೆಯನ್ನು ಎತ್ತಿ ಹಿಡಿದು ನೋಡಿದನು. ಈಗ ಕಸ ಅಲ್ಲಿತ್ತು.

ಮದುವೆಗೆ ಬಂದವರು ಎಲೆಯನ್ನು ಬಿಟ್ಟುಹೋಗಿದ್ದರು, ಹೂವನ್ನು ಬಿಟ್ಟುಹೋಗಿದ್ದರು. ಕಸವನ್ನು ಯಾರೂ ಬಿಟ್ಟುಹೋಗಿರಲಿಲ್ಲ. ಇಷ್ಟು ವರ್ಷ ತಾನು ಊರಿನ ಕಸವನ್ನು ಕಳೆಯುತ್ತಿದ್ದೇನೆಂದು ನಂಬಿದ್ದವನಿಗೆ, ಊರಿನಲ್ಲಿ ಅದನ್ನು ತಯಾರಿಸುತ್ತಿದ್ದವನು ತಾನೇ ಎಂಬುದು ತಿಳಿಯಿತು. ತಿಳಿದ ಮೇಲೆ ಅವನು ಕೊರಗುತ್ತ ಕೂರಲಿಲ್ಲ. ಅಷ್ಟಕ್ಕೆ ಹೊತ್ತೂ ಇರಲಿಲ್ಲ. ಹೊರಗೆ ಬಂದು ಆಳುಗಳನ್ನು ಎಬ್ಬಿಸಿದನು.

"ಇವತ್ತಿನಿಂದ ನನ್ನ ಕೆಲಸದಲ್ಲಿ ಕಸ ಎಂಬ ಮಾತು ಯಾರ ಬಾಯಲ್ಲೂ ಬರಕೂಡದು. ಕೈಯಲ್ಲಿ ಏನಿದೆಯೋ ಅದರ ಹೆಸರು ಹೇಳಿ ಎತ್ತಬೇಕು. ಹೆಸರು ಹೇಳಲಾಗದಿದ್ದರೆ ಬುಟ್ಟಿ ಇಳಿಸಿ ನೋಡಬೇಕು."

ಆಳುಗಳು ಮುಖ ಮುಖ ನೋಡಿಕೊಂಡರು. ಧಣಿಗೆ ಬಿಸಿಲು ತಾಗಿದೆಯೆಂದು ಒಬ್ಬಳು ಪಿಸುಗುಟ್ಟಿದಳು. ಆದರೂ ಕೆಲಸಕ್ಕೆ ಇಳಿದರು. ಸ್ವಲ್ಪ ಹೊತ್ತಿಗೆ ಒಬ್ಬನು ಬುಟ್ಟಿಯೊಂದನ್ನು ಹೊತ್ತು ತಂದನು.

"ಧಣಿ, ಇದನ್ನಂತೂ ಕಸ ಅನ್ನಲೇಬೇಕು. ಬೇರೆ ಹೆಸರೇ ಇಲ್ಲ ಇದಕ್ಕೆ."

"ಇಳಿಸು. ಮೇಲಿರುವುದೇನು?"

"ಮೇಲೆ ಸೇವಂತಿಗೆ. ಅದರ ಕೆಳಗೆ ಪಾಯಸದ ಲೋಟ. ಲೋಟದ ಒಳಗೆ," ಎಂದು ಅವನು ಬಗ್ಗಿ ನೋಡಿ, "ಯಾರದೋ ಹಲ್ಲಿನ ಸೆಟ್ಟು, ಧಣಿ."

"ನೋಡಿದೆಯಾ? ನಿನ್ನ ಬಾಯಿಗೆ ಬಂದ ಹೆಸರನ್ನೇ ಇಟ್ಟಿದ್ದರೆ ಆ ಯಜಮಾನರು ಈ ಜನ್ಮದಲ್ಲಿ ಚಕ್ಕುಲಿ ಕಡಿಯುತ್ತಿರಲಿಲ್ಲ."

ನಗುವಿನ ನಡುವೆ ಕೆಲಸ ಹಗುರವಾಯಿತು. ಹಿತ್ತಲಿನ ರಾಶಿಯನ್ನು ಬಿಡಿಸುವುದು ಮಾತ್ರ ಹಗುರವಿರಲಿಲ್ಲ. ಬೆರೆಸುವುದಕ್ಕೆ ಪೊರಕೆಯ ಒಂದು ಬೀಸು ಸಾಕಾಗಿತ್ತು, ಬೇರೆ ಮಾಡುವುದಕ್ಕೆ ಅಷ್ಟೂ ಜನರ ಬೆರಳುಗಳು ಬೇಕಾದವು. ಆದರೆ ಹೇಳಿ ಕಳಿಸಿದ ಕೂಡಲೇ ಎಮ್ಮೆಯ ಹೆಂಗಸು ಎಲೆಗೆ ಬಂದಳು. "ಅಂತೂ ಎಲೆಯ ವ್ಯಾಪಾರ ಶುರುಮಾಡಿದಿರಿ" ಎಂದು ಚುಚ್ಚಿಯೇ ಹೊರೆ ಕಟ್ಟಿದಳು. ಹಗ್ಗದವನು ಸಿಪ್ಪೆಗೆ ಬಂದನು. ಊದುಬತ್ತಿಯವನು ಹೂವಿಗೆ, ಗುಜರಿಯವನು ಬಾಟಲಿಗೆ. ಕೊಳೆತು ಬೇರೆ ಮಾಡಲಾಗದಂತೆ ಆಗಿದ್ದ ಅನ್ನವನ್ನೂ ಎಲೆಯನ್ನೂ ಒಬ್ಬ ರೈತನು ತನ್ನ ಗೊಬ್ಬರದ ಗುಂಡಿಗೆ ಕೊಂಡೊಯ್ದನು. ಟ್ರ್ಯಾಕ್ಟರು ಹೊರಬೇಕಾಗಿದ್ದುದು ಬೇಕಾದವರ ತಲೆಯ ಮೇಲೆಯೇ ಏರಿ ಹೊರಟುಹೋಯಿತು.

ಯಾರೂ ಕೇಳದೆ ಉಳಿದದ್ದು ಒಂದೇ, ಮದುವೆಯ ಮಂಟಪಕ್ಕೆ ಕಟ್ಟಿದ್ದ ಥರ್ಮಾಕೋಲ್. ಸುಟ್ಟುಬಿಡೋಣವೆಂದು ಆಳುಗಳು ಹೇಳಿದರು. ಗುತ್ತಿಗೆದಾರನು ಒಪ್ಪದೆ, ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಮಂಟಪ ಕಟ್ಟಿದವನ ಅಂಗಡಿಗೇ ಹೋಗಿ ಇಳಿಸಿದನು.

"ಇದೇನ್ರೀ, ಮುಗಿದ ಮದುವೆಯ ಕಸವನ್ನು ಯಾರಾದರೂ ವಾಪಸು ತರುತ್ತಾರಾ?"

"ಕಸ ತಂದಿಲ್ಲ. ಎರಡು ನವಿಲು, ಒಂದು ಕಮಲ, ಮದುಮಕ್ಕಳ ಹೆಸರು. ಹೆಸರು ತೆಗೆದು ಬೇರೆ ಹೆಸರು ಅಂಟಿಸಿ. ನವಿಲಿಗೆ ಯಾರ ಮದುವೆಯಾದರೇನು?"

ಅಂಗಡಿಯವನು ನವಿಲನ್ನು ತಿರುಗಿಸಿ ನೋಡಿದನು. ಕೊಕ್ಕು ಕೂಡ ಮುಕ್ಕಾಗಿರಲಿಲ್ಲ. ಒಳಗೆ ಎತ್ತಿಟ್ಟನು.

ಮರುದಿನ ಸಂಜೆ ದಿಬ್ಬಣ ಬಂದಾಗ ಮಣೆಗಾರನು ಹಿತ್ತಲನ್ನು ಒಂದು ಸುತ್ತು ಹಾಕಿ, ಬೈಯುವುದಕ್ಕೆ ಏನೂ ಸಿಕ್ಕದೆ, ರಾಶಿ ಎಲ್ಲಿ ಹೋಯಿತೆಂದು ಕೇಳಿದನು.

"ಅವರವರ ಮನೆಗೆ ಹೋಯಿತು" ಎಂದನು ಗುತ್ತಿಗೆದಾರ.

ಆ ವೈಶಾಖವೆಲ್ಲ ಕೆಲಸ ಅವನ ಕೈಯಲ್ಲಿಯೇ ಉಳಿಯಿತು. ಮುಂದಿನ ವೈಶಾಖಗಳಲ್ಲಿಯೂ ಉಳಿಯಿತು.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು. ಮರುಳಸಿದ್ಧನು, "ಹಾಗಾದರೆ ಬುದ್ಧೀ, ಆ ಹುಡುಗರನ್ನು ಹೊರಗೆ ಹಾಕಕೂಡದೆಂದು ಅಪ್ಪಣೆಯೇ?" ಎಂದು ಕೇಳಿದನು.

"ಹಾಗೆಂದೆನೇ? ಅವರ ಹೆಸರುಗಳನ್ನು ಹೇಳು, ಅಪ್ಪಣೆ ಕೊಡುತ್ತೇನೆ" ಎಂದರು ಗುರುಗಳು.

ಮರುಳಸಿದ್ಧನು ಎದ್ದು, ಆ ಹುಡುಗರ ಹೆಸರುಗಳನ್ನು ಕೇಳಿಕೊಂಡು ಬರಲು ವಿದ್ಯಾರ್ಥಿನಿಲಯದ ಕಡೆಗೆ ನಡೆದನು.