ಹಂಪಣ್ಣನ ಕೊನೆಯ ಅರಮನೆ

ತುಂಗಭದ್ರೆಯ ದಡದ ಒಂದು ಊರಿನಲ್ಲಿ ಹೊಳೆಗೆ ವರ್ಷಕ್ಕೊಂದು ದಿನ ಬಣ್ಣ ಬರುತ್ತಿತ್ತು. ಅವತ್ತು ನೀರು ಕುಡಿದ ಎಮ್ಮೆಗಳು ನೀಲಿ ಹಾಲು ಕೊಟ್ಟವು ಅನ್ನುವವರಿದ್ದಾರೆ. ಅಷ್ಟೆಲ್ಲ ನಂಬಬೇಕಿಲ್ಲ. ತಿಳಿನೀಲಿ ಅಂದುಕೊಂಡರೆ ಸಾಕು.

ಆ ಬಣ್ಣ ಚಿತ್ರಗಾರ ಹಂಪಣ್ಣನದು. ಊರಿನ ನಾಟಕದ ಮೇಳಕ್ಕೆ ಇದ್ದದ್ದು ಒಂದೇ ಪರದೆ. ಈ ಸಲದ ನಾಟಕಕ್ಕೆ ಸಮುದ್ರ ಬೇಕೆಂದರೆ, ಹಂಪಣ್ಣ ಹೋದ ಸಲದ ರಣರಂಗವನ್ನು ಹೊಳೆಯಲ್ಲಿ ತೊಳೆದು, ಒಣಗಿಸಿ, ಅದೇ ಬಟ್ಟೆಯ ಮೇಲೆ ಸಮುದ್ರ ಬರೆಯುತ್ತಿದ್ದ. ಬೇಲದ ಮರದ ಅಂಟಿನಲ್ಲಿ ಕಲಸಿದ ಬಣ್ಣ. ನೀರು ಕಂಡರೆ ಹಟ ಮಾಡದೆ ಬಿಟ್ಟುಕೊಡುತ್ತಿತ್ತು.

ಒಂದು ವರ್ಷ ಅರಮನೆ ಬರೆದ. ನಾಟಕ ಮುಗಿಯಿತು. ಹಂಪಣ್ಣನೂ ತೀರಿಕೊಂಡ.

ಮರುವರ್ಷ ಮೇಳದವರು ಕಾಡಿನ ನಾಟಕ ಹಿಡಿದರು. ಕಾಡು ಬರೆಯಬೇಕಾದವನು ಕೊಟ್ರೇಶ. ಹಂಪಣ್ಣನ ಕೈಕೆಳಗೆ ಬಣ್ಣ ಅರೆದು ಕಲಿತವನು. ಈಗ ಹೊಳೆದಂಡೆಯ ಆಶ್ರಮದಲ್ಲಿ ಗುರುಗಳ ಶಿಷ್ಯ.

ಕೊಟ್ರೇಶ ಪರದೆ ತೊಳೆಯಲಿಲ್ಲ. ಆಶ್ರಮದ ಪಡಸಾಲೆಯಲ್ಲಿ ಅದನ್ನು ತೂಗುಹಾಕಿ, ಮುಂದೊಂದು ದೀಪ ಹಚ್ಚಿ ಕೂತ.

ಕೂತಲ್ಲೇ ಜೊಂಪು ಹತ್ತಿತು. ಅರಮನೆಯ ಬಾಗಿಲು ತುಸುವೇ ಸರಿದಂತೆ. ಒಳಗೆ ಯಾರೋ ಕಲ್ಲಿನ ಮೇಲೆ ಬಣ್ಣ ಅರೆಯುತ್ತಿರುವಂತೆ. ಎದ್ದು ಹೋಗಿ ಕೈಯಿಟ್ಟ. ತಣ್ಣಗಿನ ಬಟ್ಟೆ.

ಬೆನ್ನ ಹಿಂದೆ ಗುರುಗಳು ನಿಂತಿದ್ದರು.

"ಏನಪ್ಪ ಇದು?"

"ಹಂಪಣ್ಣನವರ ಕೊನೆಯ ಕೆಲಸ, ಬುದ್ಧಿ. ಇದನ್ನು ಹೀಗೇ ಉಳಿಸೋದು ಅವರಿಗೆ ನಾವು ಮಾಡೋ ಮರ್ಯಾದೆ."

"ಸರಿ ಮತ್ತೆ," ಎಂದು ಗುರುಗಳು ಅಂಗಳದಿಂದ ಒಂದು ಕಣಗಿಲೆ ಹೂವು ಕಿತ್ತು ತಂದಿಟ್ಟು, ಕೈಮುಗಿದರು.

ಕೊಟ್ರೇಶನ ಎದೆ ಹಗುರಾಯಿತು. ಅಷ್ಟರಲ್ಲಿ ಮೇಳದ ಯಜಮಾನಿ ಗಾಳೆಮ್ಮ ಬಂದಳು. ಅವಳಿಗಿಂತ ಮುಂಚೆ ಅವಳ ದನಿ ಬಂತು.

"ಏ ಕೊಟ್ರ! ನಾಟಕ ಹತ್ರ ಬಂತಲ್ಲೋ, ನನ್ನ ಕಾಡೆಲ್ಲಿ?"

"ಇದನ್ನ ತೊಳೆಯಲ್ಲ, ಗಾಳೆಮ್ಮಕ್ಕ. ನೀವು ಬೇರೆ ಬಟ್ಟೆ ತಗೊಳ್ಳಿ."

"ಬೇರೆ ಬಟ್ಟೆ ತಂದೆ ಅಂತಾನೇ ಇಟ್ಕೋ. ಅದರ ಮೇಲೆ ಬರೆಯೋನು ಯಾರು? ನಮ್ಮಪ್ಪನಾ?"

ಕೊಟ್ರೇಶ ದೀಪದ ಬತ್ತಿ ಸರಿಮಾಡತೊಡಗಿದ. ಬತ್ತಿ ಸರಿಯಾಗಿಯೇ ಇತ್ತು.

"ಬುದ್ಧಿ, ನೀವಾದ್ರೂ ಹೇಳ್ರಿ ಇವನಿಗೆ."

"ನಾನೇನು ಹೇಳಲಿ ತಾಯಿ? ಹೂವು ಬೇರೆ ಇಟ್ಟುಬಿಟ್ಟಿದ್ದೇನೆ. ಈ ಅರಮನೆ ಮುಂದೆಯೇ ಕಾಡಿನ ನಾಟಕ ಆಡಿ. ಎಲ್ಲಿ, ಒಂದು ತಾಲೀಮು ನೋಡೋಣ. ಹುಲಿ ಯಾರು?"

"ಹುಲಿಗೆ ಜ್ವರ. ಮಲಗೈತೆ."

"ಹಾಗಾದರೆ ನಾನೇ."

ಗುರುಗಳು ಪಂಚೆ ಎತ್ತಿ ಕಟ್ಟಿ, ಅದರ ತುದಿಯನ್ನು ಹಿಂದೆ ಬಾಲವಾಗಿ ಬಿಟ್ಟು, ನೆಲಕ್ಕೆ ಕೈಯೂರಿದರು. ಅವರು ಗರ್ಜಿಸಿದ್ದಕ್ಕೆ ಆಚೆ ದಡದ ನಾಯಿಗಳು ಮರ ಹತ್ತಿದವಂತೆ. ನಾಯಿ ಮರ ಹತ್ತುವುದಿಲ್ಲ ಅನ್ನುವವರು ಆ ಗರ್ಜನೆ ಕೇಳಿಲ್ಲ.

ಗಾಳೆಮ್ಮ ಇಲ್ಲದ ಬಿಲ್ಲಿಗೆ ಇಲ್ಲದ ಬಾಣ ಹೂಡಿ ಬೇಟೆಗಾರನಾದಳು. ಹುಲಿ ಅರಮನೆಯ ಕಡೆ ಓಡಿತು. ಕಂಬ ಮೂಸಿತು. ಮೆಟ್ಟಿಲು ಮೂಸಿತು. ಆಮೇಲೆ ಪಡಸಾಲೆಯ ನಡುವೆ ಸುಮ್ಮನೆ ಕೂತಿತು.

"ಕೂತ್ರೆ ಹೆಂಗ್ರಿ ಬುದ್ಧಿ? ಅವಿತ್ಕೊಳ್ರಿ! ಬೇಟೆಗಾರ ಬಂದೇಬಿಟ್ಟ."

"ಎಲ್ಲಿ ಅವಿತುಕೊಳ್ಳಲಿ?"

"ಎಲ್ಲಿ ಅಂದ್ರೆ, ಪೊದೆ..."

ಗಾಳೆಮ್ಮನ ಬಾಣ ಅಲ್ಲೇ ನಿಂತಿತು. ಅವಳು ಪರದೆಯತ್ತ ನೋಡಿದಳು. ದನಿ ಮೆತ್ತಗಾಯಿತು.

"ಹಂಪಣ್ಣ ಮೊದಲು ಹುಲಿಗೆ ಪೊದೆ ಬರೀತಿದ್ದ. ಮಿಕ್ಕ ಕಾಡು ಆಮೇಲೆ. ಹೊಸಬರು ಯಾರಾದ್ರೂ ನಡುಗ್ತಿದ್ರೆ, ಅವರು ನಿಲ್ಲೋ ಜಾಗಕ್ಕೆ ಒಂದು ಮರ ಬರೆದುಕೊಡೋನು, ಒರಗಿದಂಗೆ ಅನಿಸ್ಲಿ ಅಂತ. ನಾನು ಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿದಾಗ ನನಗೊಂದು ಕಿಟಕಿ ಬರೆದಿದ್ದ. 'ಮಾತು ಮರೆತ್ರೆ ಅದರ ಕಡೆ ನೋಡವ್ವ, ಯಾರೋ ಬರ್ತಾ ಅವ್ರೆ ಅಂದ್ಕೋತಾರೆ ಜನ' ಅಂದ."

"ಮರೆತಿದ್ದೆಯಾ?" ಎಂದಿತು ಹುಲಿ.

"ನಾಟಕ ಪೂರ್ತಿ ಕಿಟಕಿನೇ ನೋಡಿದೀನಿ. ಏನು ಅಭಿನಯ ಅಂದ್ರು ಜನ."

ಹುಲಿ ನಾಲ್ಕು ಕಾಲಿನಲ್ಲೇ ತಿರುಗಿ ಶಿಷ್ಯನ ಮುಖ ನೋಡಿತು.

"ಕೊಟ್ರೇಶ, ನಾನು ಎಲ್ಲಿಗೆ ಹೋಗಲಿ?"

ಕೊಟ್ರೇಶನಿಗೆ ಅಳು ಒತ್ತರಿಸಿತು.

"ನನಗೆ ಪೊದೆ ಬರೆಯೋಕೆ ಬರಲ್ಲ ಬುದ್ಧಿ. ನಾನು ಬರೆದರೆ ಪೊರಕೆ ಥರ ಕಾಣುತ್ತೆ. ಅವರ ಅರಮನೆ ಅಳಿಸಿ, ಅದೇ ಬಟ್ಟೆ ಮೇಲೆ ನನ್ನ ಪೊರಕೆ ಹೇಗೆ ಬರೀಲಿ?"

"ಎಷ್ಟು ದೊಡ್ಡ ಪೊರಕೆ?"

"ಅಂದ್ರೆ?"

"ಅದರ ಹಿಂದೆ ಈ ಹುಲಿಯ ಬಾಲ ಮುಚ್ಚುತ್ತಾ?"

ಕೊಟ್ರೇಶ ಕಣ್ಣೊರೆಸಿಕೊಂಡು ಗುರುಗಳನ್ನು ತಲೆಯಿಂದ ಬಾಲದವರೆಗೆ ಅಳೆದ. ಅಳುವಿನ ನಡುವೆ ನಗು ಬಂತು.

"ಮುಚ್ಚುತ್ತೆ ಬುದ್ಧಿ."

"ಹಾಗಾದರೆ ನನ್ನನ್ನು ಎಬ್ಬಿಸು. ಮೊಣಕಾಲು ಹಿಡಿದುಕೊಂಡಿದೆ."

ಮೂವರೂ ಪರದೆ ಹೊತ್ತು ಹೊಳೆಗೆ ಇಳಿದರು. ಸಂಜೆಯ ನೀರು ಬೆಚ್ಚಗಿತ್ತು.

ಮೊದಲು ಗೋಪುರ ಸಡಿಲಾಯಿತು. ಕಂಬಗಳು ಬಳುಕಿದವು. ಮೆಟ್ಟಿಲುಗಳು ಒಂದೊಂದಾಗಿ ಹೊಳೆಗಿಳಿದವು. ಕಮಾನಿನ ಮೇಲಿದ್ದ ಗಿಳಿಯೊಂದು ಸ್ವಲ್ಪ ದೂರ ಗಿಳಿಯಾಗಿಯೇ ತೇಲಿ, ಆಮೇಲೆ ಬರೀ ಹಸಿರಾಯಿತು.

ಅರಮನೆ ಹೋದ ಮೇಲೆ ಅದರಡಿ ಹಳೆಯ ಸಮುದ್ರದ ನೆರಳು ಕಂಡಿತು. ಸಮುದ್ರದಡಿ ರಣರಂಗದ ಕೆಂಪು. ಇನ್ನೂ ಅಡಿಯಲ್ಲಿ ಏನೋ ಬೂದು ಬಣ್ಣ. ಅದು ಯಾವ ನಾಟಕದ್ದೋ ಗಾಳೆಮ್ಮನಿಗೂ ನೆನಪಿರಲಿಲ್ಲ. ಕೊಟ್ರೇಶ ಉಜ್ಜುತ್ತಲೇ ಇದ್ದ. ಅವನ ಮೊಣಕಾಲ ಸುತ್ತ ಮೀನುಗಳು ಬಣ್ಣಬಣ್ಣವಾಗಿ ಸುಳಿದವು.

ಕೊನೆಗೆ ಬಟ್ಟೆ ಮೋಡದಂತೆ ಬಿಳುಪಾಯಿತು. ಅವನು ಅದನ್ನೇ ನೋಡುತ್ತಾ ನಿಂತ.

"ಬುದ್ಧಿ, ಹಂಪಣ್ಣನವರದು ಅಂತ ಇನ್ನೇನೂ ಉಳೀಲಿಲ್ಲ."

ಗುರುಗಳು ಒದ್ದೆ ಬಟ್ಟೆಯ ಒಂದು ತುದಿ ಹಿಡಿದು, ಇನ್ನೊಂದನ್ನು ಅವನ ಕೈಗೆ ಕೊಟ್ಟರು.

"ಬಿಗಿಯಾಗಿ ಎಳಿಯಪ್ಪ. ಸುಕ್ಕು ಉಳಿದರೆ ಹಂಪಣ್ಣ ಬೈತಾನೆ."